ನೇಮಿಚಂದ್ರ: ಪ್ರವಾಸ ಕಥನ ಮತ್ತು ಜೀವನಚರಿತ್ರೆ

ಚಿಕ್ಕಬಳ್ಳಾಪುರದಲ್ಲಿ ಬೆಳೆದವನಿಗೆ ಜೀವನಚರಿತ್ರೆ ಎಂದೊಡನೆ ನೆನಪಾಗುವುದು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರದು. ಶಾಲೆಯಲ್ಲಿ ನನಗೆ ಬಹುಮಾನವಾಗಿ ಬಂದ ಪುಸ್ತಕಗಳಲ್ಲಿ ಮೂರು ಅವರನ್ನು ಕುರಿತವೇ. ಸರ್ಕಾರದ ಮೇಣದಬತ್ತಿ ಒಂದು, ಸ್ವಂತದ್ದು ಒಂದು ಎಂಬ ಆ ಪ್ರಸಂಗ ಮೂರರಲ್ಲಿಯೂ ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ ಇತ್ತು. 1898ರಲ್ಲಿ ಅವರು ಜಪಾನಿಗೆ ಹೋಗಿಬಂದ ಸಂಗತಿ ಮಾತ್ರ ಒಂದೇ ವಾಕ್ಯದಲ್ಲಿ ಮುಗಿದಿತ್ತು. ಹಡಗು ಹತ್ತಿ ಹೊರಟ ಆ ಎಂಜಿನಿಯರು ಅಲ್ಲಿ ಯಾರನ್ನು ಕಂಡರು, ಏನು ನೋಡಿ ಬೆರಗಾದರು? ಬರೆದವರಿಗೆ ಅದು ಬೇಕಿರಲಿಲ್ಲ. ಅವರಿಗೆ ಬೇಕಾಗಿದ್ದುದು ವಿಗ್ರಹ.

ಪ್ರವಾಸ ಕಥನದ ಸ್ಥಿತಿ ಇಷ್ಟು ಕೆಟ್ಟದ್ದಲ್ಲ. ವಿ.ಸೀ. ಅವರ ‘ಪಂಪಾ ಯಾತ್ರೆ’, ಕಾರಂತರ ‘ಅಪೂರ್ವ ಪಶ್ಚಿಮ’, ಗೊರೂರರ ‘ಅಮೆರಿಕದಲ್ಲಿ ಗೊರೂರು’ ಇವುಗಳನ್ನು ಯಾವ ಭಾಷೆಯವರ ಮುಂದೆಯಾದರೂ ಹೆಮ್ಮೆಯಿಂದ ಇಡಬಹುದು. ಆದರೆ ಅವುಗಳ ಹಿಂದೆ ಬಂದ ನೂರಾರು ಪುಸ್ತಕಗಳಲ್ಲಿ ಲೇಖಕರು ಏನು ಉಂಡರು, ಯಾವ ಸೇತುವೆಯ ಮುಂದೆ ನಿಂತರು ಎಂಬುದಷ್ಟೇ ತಿಳಿಯುತ್ತದೆ. ಪ್ರವಾಸ ಹೋದವರಿಗೆ ಜನ ಕಾಣುವುದಿಲ್ಲ. ಚರಿತ್ರೆ ಬರೆಯುವವರು ಮನೆ ಬಿಟ್ಟು ಏಳುವುದಿಲ್ಲ. ಈ ಎರಡು ಕೊರತೆಗಳನ್ನೂ ಒಟ್ಟಿಗೆ ನೀಗಿದ ಲೇಖಕಿಯೆಂದರೆ ನೇಮಿಚಂದ್ರ ಎಂಬುದು ನನ್ನ ಎಣಿಕೆ.

ಅವರು ಚಿತ್ರದುರ್ಗದಲ್ಲಿ 1959ರಲ್ಲಿ ಹುಟ್ಟಿದವರು. ಓದಿದ್ದು ಎಂಜಿನಿಯರಿಂಗ್, ದುಡಿದದ್ದು ಬೆಂಗಳೂರಿನ ಎಚ್.ಎ.ಎಲ್. ವಿಮಾನ ಕಾರ್ಖಾನೆಯಲ್ಲಿ. ಕಥೆಗಾರ್ತಿಯೆಂದೂ ಹೆಸರಾದವರು. ಸಂಬಳದ ಕೆಲಸ, ಮನೆ, ಬರವಣಿಗೆ ಮೂರನ್ನೂ ನಡೆಸಿಕೊಂಡು ಬಂದ ಹೆಂಗಸಿಗೆ ರಜೆಯೆಂದರೆ ಏನೆಂಬುದನ್ನು ಗೌರಿಬಿದನೂರಿನಲ್ಲಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವ ಹೆಣ್ಣುಮಕ್ಕಳನ್ನು ಕೇಳಬೇಕು. ಅವರ ಆ ದಿನನಿತ್ಯದ ಓಡಾಟವನ್ನು ನಾವು ಯಾರೂ ಪ್ರಯಾಣವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಎಂಬ ಗ್ರಂಥದಲ್ಲಿ ನೇಮಿಚಂದ್ರ ಒಬ್ಬ ಗೆಳತಿಯನ್ನು ಜೊತೆಮಾಡಿಕೊಂಡು ದಕ್ಷಿಣ ಅಮೆರಿಕಕ್ಕೆ ಹೊರಡುತ್ತಾರೆ. ಮಾಚುಪಿಚು ಇರುವುದು ಸುಮಾರು ಎಂಟು ಸಾವಿರ ಅಡಿ ಎತ್ತರದಲ್ಲಿ. ನಮ್ಮ ನಂದಿಬೆಟ್ಟ 4,851 ಅಡಿ. ನಂದಿಗೆ ಹೋಗಬೇಕಾದರೂ ಗಂಡಸರೊಬ್ಬರು ಜೊತೆಗಿರಲಿ ಎನ್ನುವ ಮನೆಗಳ ಓದುಗರಿಗೆ ಈ ಲೆಕ್ಕ ಬೇಗ ಅರ್ಥವಾದೀತು. ಆದರೆ ಪುಸ್ತಕದ ಹಿರಿಮೆ ಧೈರ್ಯದ್ದಲ್ಲ. ಇಂಕಾ ಜನಕ್ಕೆ ಲಿಪಿಯಿರಲಿಲ್ಲ. ದಾರದ ಗಂಟುಗಳಲ್ಲಿ ಲೆಕ್ಕ ಇಡುತ್ತಿದ್ದರು. ಅವರ ದೊರೆ ಅಟಾಹುವಾಲ್ಪನನ್ನು ಸ್ಪೇನಿನವರು 1532ರಲ್ಲಿ ಸೆರೆಹಿಡಿದು, ಕೋಣೆ ತುಂಬ ಚಿನ್ನ ಸುಲಿದುಕೊಂಡು, ಮರುವರ್ಷ ಕೊಂದರು. ಹಾಗೆ ಅಳಿದವರ ಕಥೆಯನ್ನು ಗೆದ್ದವರ ಕಾಗದದಲ್ಲಿ ಓದಬೇಕು, ಇಲ್ಲವೆ ಕಲ್ಲಿನ ಮುಂದೆ ಹೋಗಿ ನಿಲ್ಲಬೇಕು. ನೇಮಿಚಂದ್ರ ಹೋಗಿ ನಿಂತರು. ಅಲ್ಲಿ ಅವರು ಕಲ್ಲು ನೋಡುವ ಪ್ರವಾಸಿಯಲ್ಲ, ಸತ್ತವರ ಚರಿತ್ರೆಕಾರ್ತಿ.

ಜೀವನಚರಿತ್ರೆಗೆ ಬಂದರೆ ಇದೇ ಗುಣ ತಿರುಗಿ ಕಾಣುತ್ತದೆ. ವ್ಯಾನ್ ಗೋ ಕುರಿತ ‘ನೋವಿಗದ್ದಿದ ಕುಂಚ’ವನ್ನೇ ನೋಡಬಹುದು. ಗಣಿ ಕೆಲಸಗಾರರ ನಡುವೆ ಧರ್ಮಬೋಧಕನಾಗಿದ್ದು ಅಲ್ಲಿಯೂ ಬೇಡವಾಗಿ, ಇಪ್ಪತ್ತೇಳರ ಹೊತ್ತಿಗೆ ಚಿತ್ರಕ್ಕೆ ಕೈಹಾಕಿ, 1890ರಲ್ಲಿ ಮೂವತ್ತೇಳನೆಯ ವಯಸ್ಸಿಗೆ ಮುಗಿದುಹೋದ ಬಾಳು ಅದು. ಕಿವಿ ಕೊಯ್ದುಕೊಂಡ ಹುಚ್ಚನೆಂದು ಬರೆಯುವುದು ಸುಲಭ. ಮಹಾತ್ಮನೆಂದು ಬರೆಯುವುದು ಇನ್ನೂ ಸುಲಭ. ಲೇಖಕಿ ಎರಡನ್ನೂ ಬಿಟ್ಟು ಆತನ ಪಕ್ಕದಲ್ಲಿ ನಡೆಯುತ್ತಾರೆ. ಓದುವಾಗ ನನ್ನ ಮನಸ್ಸು ನಿಂತದ್ದು ತಮ್ಮ ಥಿಯೋನ ಮೇಲೆ. ಅಣ್ಣನಿಗೆ ತಿಂಗಳು ತಿಂಗಳು ಹಣ ಕಳಿಸಿದವನು, ಅವನು ಹೋದ ಆರು ತಿಂಗಳಲ್ಲಿ ತಾನೂ ಹೋದ. ಥಿಯೋನ ಹೆಂಡತಿ ಜೊಹಾನ್ನಾ ಕಾಗದಗಳನ್ನು ಕಾಪಾಡಿ 1914ರಲ್ಲಿ ಅಚ್ಚು ಹಾಕಿಸದಿದ್ದರೆ ನಮಗೆ ಈ ಬಾಳೇ ಸಿಗುತ್ತಿರಲಿಲ್ಲ. ಆ ಹೆಂಗಸಿನ ಚರಿತ್ರೆಯನ್ನೂ ನೇಮಿಚಂದ್ರ ಬರೆಯಲಿ ಎಂಬುದು ನನ್ನ ಆಸೆ.

‘ಬೆಳಕಿನೊಂದು ಕಿರಣ ಮೇರಿ ಕ್ಯೂರಿ’ಯ ವಿಷಯದಲ್ಲಿ ಲೇಖಕಿಯ ವೃತ್ತಿಯೂ ನೆರವಿಗೆ ಬಂದಿದೆ. ಸೋರುವ ಕೊಟ್ಟಿಗೆಯಲ್ಲಿ ಟನ್ನುಗಟ್ಟಲೆ ಅದುರನ್ನು ಕುದಿಸಿ, ಕೊನೆಗೆ ಒಂದು ಗ್ರಾಮಿನ ಹತ್ತನೆಯ ಒಂದು ಭಾಗ ರೇಡಿಯಂ ಲವಣ ಪಡೆದ ಶ್ರಮ ಎಂಥದೆಂದು ಕಾರ್ಖಾನೆ ಕಂಡವರಿಗೆ ಬೇಗ ತಿಳಿಯುತ್ತದೆ. 1911ರ ಆರಂಭದಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿ ಆಕೆಯನ್ನು ಸೇರಿಸಿಕೊಳ್ಳಲಿಲ್ಲ. ಅದೇ ವರ್ಷ ಎರಡನೆಯ ನೊಬೆಲ್ ಬಂತು.

2007ರಲ್ಲಿ ಬಂದ ‘ಯಾದ್ ವಶೇಮ್’ ಕಾದಂಬರಿಯಲ್ಲಿ ಪ್ರವಾಸವೂ ಚರಿತ್ರೆಯೂ ಒಂದಾಗಿವೆ. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬೆಂಗಳೂರಿಗೆ ಬಂದು ಬೆಳೆದ ಯಹೂದಿ ಹುಡುಗಿಯೊಬ್ಬಳು ಮುಂದೆ ಕಳೆದುಹೋದ ತನ್ನವರನ್ನು ಹುಡುಕಿಕೊಂಡು ಹೊರಡುವ ಕಥೆ. ಕಲ್ಪಿತ ವ್ಯಕ್ತಿಯ ಜೀವನಚರಿತ್ರೆ ಎಂದೇ ಇದನ್ನು ನಾನು ಓದಿದೆ. ಅವರ ಕೃತಿಗಳಲ್ಲಿ ಇದಕ್ಕೇ ನನ್ನ ಮೊದಲ ಮಣೆ.

ಎಲ್ಲವನ್ನೂ ಹೊಗಳಲಾರೆ. ‘ಬದುಕು ಬದಲಿಸಬಹುದು’ ಲೇಖನಗಳನ್ನು ಬಹಳ ಜನ ಪ್ರೀತಿಯಿಂದ ಓದಿದ್ದಾರೆ. ಅದರಿಂದ ಧೈರ್ಯ ಪಡೆದವರನ್ನು ನಾನೂ ಬಲ್ಲೆ. ಆದರೂ ಅಲ್ಲಿ ಕಂಡ ಮನುಷ್ಯ ಬೇಗನೆ ದೃಷ್ಟಾಂತವಾಗಿಬಿಡುತ್ತಾನೆ. ಮೇಣದಬತ್ತಿಯ ವಾಸನೆ ಅಲ್ಲಿ ನನಗೆ ಸ್ವಲ್ಪ ಬಡಿಯಿತು. ಪೆರುವಿನ ಲೇಖಕಿಗೆ ಆ ಅವಸರವಿಲ್ಲ.

ನನ್ನ ಅಕ್ಕ ಚಿಂತಾಮಣಿಯಲ್ಲಿ ಶಾಲಾ ಉಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ಶಿಡ್ಲಘಟ್ಟದ ಜೊತೆ ಉಪಾಧ್ಯಾಯಿನಿಯೊಬ್ಬರೂ ಇವಳೂ ಸೇರಿ ಬದರಿಗೆ ಹೋಗಿಬರುವುದೆಂದು ಹಣ ಕೂಡಿಸಿದ್ದರು. ಆ ಗೆಳತಿಯ ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಕಸುಬು. ಗೂಡು ಬರುವ ಹೊತ್ತು ತಪ್ಪಿಸಿ ದಿನ ಗೊತ್ತುಮಾಡಿದ್ದೂ ಆಗಿತ್ತು. “ಹೆಂಗಸರಿಬ್ಬರೇ ಹೇಗೆ ಹೋಗ್ತೀರಿ, ಅಕ್ಕ?” ಎಂದವನು ನಾನು. ಇನ್ನೇನೂ ಹೇಳಲಿಲ್ಲ, ಅಷ್ಟು ಸಾಕಾಯಿತು. ಅದಾಗಿ ಕೆಲವು ವರ್ಷಗಳ ಮೇಲೆ ಆ ಗೆಳತಿ ತೀರಿಕೊಂಡರು.

ಪೆರುವಿನ ಪುಸ್ತಕವನ್ನು ಅಕ್ಕನಿಗೆ ಓದಲು ಕೊಟ್ಟದ್ದು ಆಮೇಲೆ. ಹದಿನೈದು ದಿನ ಬಿಟ್ಟು ಹೋದಾಗ, ಚೆನ್ನಾಗಿದೆ ಎಂದಾಗಲಿ ಇಲ್ಲವೆಂದಾಗಲಿ ಹೇಳಲಿಲ್ಲ. “ಇವರಿಗೆ ಮನೇಲಿ ಯಾರೂ ಬೇಡ ಅನ್ನಲಿಲ್ಲವೇನೋ?” ಎಂದು ಕೇಳಿದಳು. ನಾನು ಕಾಫಿ ಲೋಟ ನೋಡುತ್ತ ಕುಳಿತೆ. ಪುಸ್ತಕವನ್ನು ಹಿಂದಿರುಗಿಸಲಿಲ್ಲ. ‘ನೋವಿಗದ್ದಿದ ಕುಂಚ’ವನ್ನೂ ಕಳಿಸು ಎಂದು ಮೊನ್ನೆ ಹೇಳಿಕಳಿಸಿದ್ದಾಳೆ.