ಪರದೆಯ ಹಿಂದಿನ ನಟಿ

ಟಿ.ವಿ. ನಟಿಯ ಮುಖ ನಾಡಿಗೆಲ್ಲ ಪರಿಚಿತ. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ಮಾತ್ರ ಪರದೆಯ ಹಿಂದೆಯೇ ಉಳಿದು ದೊಡ್ಡ ನಟಿಯಾದವರು. ಹದಿಹರೆಯದಲ್ಲಿ ಹಿಡಿದ ತೊಗಲುಗೊಂಬೆಯನ್ನು ಏಳು ದಶಕ ಮೀರಿ ಆಡಿಸಿದರು.

ಅವರ ಪಾತ್ರಧಾರಿಗಳು ತೊಗಲಿನವರು. ಆಡಿನ ಚರ್ಮದ ಕೂದಲು ಹೆರೆದು, ಬೆಳಕು ಹಾಯುವಷ್ಟು ತೆಳುವಾಗಿಸಿ, ಆಕಾರ ಕತ್ತರಿಸಿ, ಉಳಿಯಿಂದ ಸಣ್ಣ ಸಣ್ಣ ತೂತು ಕೊರೆದು ಬಣ್ಣ ಹಚ್ಚುತ್ತಾರೆ. ಹಿಂದಿನಿಂದ ದೀಪದ ಬೆಳಕು ಬಿದ್ದಾಗ ಆ ತೂತುಗಳೇ ಸೀತೆಯ ಒಡವೆ, ರಾವಣನ ಕಿರೀಟದ ಹರಳು. ಗೊಂಬೆಯನ್ನು ಪರದೆಗೆ ಒತ್ತಿದರೆ ಗೆರೆ ಸ್ಪಷ್ಟ. ತುಸು ಹಿಂದೆ ಸರಿಸಿದರೆ ಆಕೃತಿ ಮಸುಕಾಗಿ ಬೆಳೆಯುತ್ತದೆ. ಗೊಂಬೆಯ ಮುಖಭಾವ ಬದಲಾಗದು. ಸಿಟ್ಟು, ಅಳು, ನಾಚಿಕೆಯೆಲ್ಲ ಆಡಿಸುವವರ ಮಣಿಕಟ್ಟಿನ ತಿರುವಿನಲ್ಲಿ, ದನಿಯ ಏರಿಳಿತದಲ್ಲೇ ಹುಟ್ಟಬೇಕು. ರಾಮಾಯಣ, ಮಹಾಭಾರತದ ಪ್ರಸಂಗಗಳ ಹಾಡು, ಮಾತು ಬಾಯಿಪಾಠವಿರಬೇಕು. ಭೀಮವ್ವನವರಲ್ಲಿ ಇದೆಲ್ಲ ಒಟ್ಟಿಗಿದೆ.

ಈ ಕಲೆಯನ್ನು ಅವರು ಹಲವು ದೇಶಗಳಿಗೂ ಒಯ್ದರು. 2025ರಲ್ಲಿ, 96ನೇ ವಯಸ್ಸಿನಲ್ಲಿ, ಪದ್ಮಶ್ರೀ ಬಂತು. ಗೌರವ ತಡವಾಗಿ ಬಂದರೂ ಯೋಗ್ಯರಿಗೇ ಸಂದಿತು.

ಧಾರಾವಾಹಿಗಳಲ್ಲಿ ಹೆಸರು ಮಾಡಬಯಸುವ ಎಳೆಯರು ಒಮ್ಮೆ ತೊಗಲುಗೊಂಬೆಯಾಟ ನೋಡಬೇಕು. ದನಿಯೊಂದರಿಂದಲೇ ಪಾತ್ರ ಕಟ್ಟುವ ಪಾಠ ಅಲ್ಲಿದೆ. ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಶಾಲೆಗಳು ವರ್ಷಕ್ಕೊಂದು ಆಟವನ್ನಾದರೂ ಕರೆಸಲಿ. ಪ್ರಶಸ್ತಿ ಕಲಾವಿದರನ್ನು ಗೌರವಿಸುತ್ತದೆ; ಕಲೆಯನ್ನು ಉಳಿಸುವವರು ಪ್ರೇಕ್ಷಕರೇ.