ಪದಗಳ ಪಟ್ಟಿಯಲ್ಲಿ ಇಲ್ಲದವರು

ಇತಿಹಾಸದ ಪಠ್ಯದ ಕೊನೆಗೆ ಪಾರಿಭಾಷಿಕ ಪದಗಳ ಪಟ್ಟಿ ಅಂತ ಒಂದಿರುತ್ತದೆ. ಅದನ್ನೇ ಉರು ಹೊಡೆದು ಪಾಸಾದವರು ನಾವು. ಒಂದು ಪದ, ಎರಡು ಸಾಲು ಅರ್ಥ, ಎರಡು ಅಂಕ. ಆ ಅರ್ಥ ಬರೆದವರು ಯಾರು ಅಂತ ಯಾವ ಮೇಷ್ಟ್ರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅಮೆರಿಕದ ಕೈಗಾರಿಕೀಕರಣದಿಂದ ಎರಡನೇ ಮಹಾಯುದ್ಧದವರೆಗಿನ ಪಟ್ಟಿಯನ್ನು ಮತ್ತೆ ಓದುವಾಗ ಈ ಪ್ರಶ್ನೆ ಬಿಡದೆ ಕಾಡುತ್ತದೆ.

ಪಟ್ಟಿಯ ಆರಂಭದಲ್ಲೇ ಸಿಗುವುದು 'ಗಿಲ್ಡೆಡ್ ಏಜ್', ಅಂದ್ರೆ ಗಿಲೀಟು ಯುಗ. ಮಾರ್ಕ್ ಟ್ವೇನ್ ಮತ್ತು ಚಾರ್ಲ್ಸ್ ಡಡ್ಲಿ ವಾರ್ನರ್ ಸೇರಿ ಬರೆದ 1873ರ ಕಾದಂಬರಿಯ ಹೆಸರಿದು. ಅದೇ 1873ರಲ್ಲಿ ಜ್ಯೋತಿಬಾ ಫುಲೆ 'ಗುಲಾಮಗಿರಿ' ಪ್ರಕಟಿಸಿ, ನೀಗ್ರೋಗಳನ್ನು ಗುಲಾಮಗಿರಿಯಿಂದ ಬಿಡಿಸಿದ ಅಮೆರಿಕದ ಜನರಿಗೆ ಅದನ್ನು ಅರ್ಪಿಸಿದರು. ನಾಲ್ಕೇ ವರ್ಷ. 1877ರಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಕೇಂದ್ರ ಸರ್ಕಾರದ ಸೇನೆಯ ಬೆಂಬಲ ಕೊನೆಯಾಯಿತು, ಬಿಳಿಯರ ದರ್ಬಾರು ಮರಳಿತು. ಮುಂದಿನ ದಶಕಗಳಲ್ಲಿ ಕಪ್ಪು ಜನರ ಓಟೂ ಹೋಯಿತು. ಇದಕ್ಕೆ ಅಲ್ಲಿನ ಬಿಳಿಯರು ಇಟ್ಟ ಹೆಸರು 'ರಿಡೆಂಪ್ಷನ್', ಉದ್ಧಾರ! ಉದ್ಧಾರ ಅನ್ನೋ ಮಾತು ಕೇಳಿದರೆ ನಮಗೆ ಈಗಲೂ ಅನುಮಾನ. ಅದರ ಭಾರ ಹೊತ್ತವರು ನಾವಲ್ಲವೆ?

'ಕೈಗಾರಿಕೀಕರಣ' ಅಂದ ಕೂಡಲೇ ಕಾರ್ನೆಗಿಯ ಉಕ್ಕು, ರಾಕ್‌ಫೆಲರ್‌ನ ಎಣ್ಣೆ. 1865ರ 13ನೇ ತಿದ್ದುಪಡಿ ಗುಲಾಮಗಿರಿಯನ್ನು ರದ್ದು ಮಾಡಿತು ನಿಜ. ಆದರೆ ಅಪರಾಧಕ್ಕೆ ಶಿಕ್ಷೆಯಾಗಿ ಬಲವಂತದಿಂದ ದುಡಿಸಬಹುದು ಅಂತ ಒಂದು ಕಿಂಡಿ ಉಳಿಸಿತು. ಅಲಬಾಮಾ ರಾಜ್ಯ ತನ್ನ ಕೈದಿಗಳನ್ನು ಕಲ್ಲಿದ್ದಲ ಗಣಿಗಳಿಗೆ ಬಾಡಿಗೆಗೆ ಕೊಡುತ್ತಿತ್ತು. ಅವರಲ್ಲಿ ಬಹುಪಾಲು ಕಪ್ಪು ಜನ. ಅದು ನಿಂತದ್ದು 1928ರಲ್ಲಿ. ಪಟ್ಟಿಯಲ್ಲಿ ಉಕ್ಕು ಇದೆ, ಈ ಜೀತ ಇಲ್ಲ.

1896ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 'ಬೇರೆ, ಆದರೆ ಸಮಾನ' ಎಂಬ ತತ್ವಕ್ಕೆ ಮುದ್ರೆ ಒತ್ತಿತು. ಹೋಟೆಲಿನ ಹೊರಗೆ ನಮಗೆಂದೇ ಇಟ್ಟ ಲೋಟ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಮೇಲೆ ಬರುವುದು 'ಪ್ರಗತಿಶೀಲ ಯುಗ'. ಅದರ ನಾಯಕರಲ್ಲಿ ಒಬ್ಬರೆಂದು ಹೆಸರಾದ ವುಡ್ರೋ ವಿಲ್ಸನ್ 1913ರಲ್ಲಿ ಅಧ್ಯಕ್ಷನಾದ. ಅದೇ ವರ್ಷ ಅವನ ಸರ್ಕಾರದ ಕಚೇರಿಗಳಲ್ಲಿ ಕಪ್ಪು ನೌಕರರನ್ನು ಬೇರೆ ಕೂರಿಸುವ ಪದ್ಧತಿ ಹರಡಿತು. ಬಾಬಾಸಾಹೇಬರು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಓದಲು ಹೋದದ್ದೂ ಅದೇ ವರ್ಷ.

'ಬಿಳಿಯ' ಅನ್ನೋದೂ ಒಂದು ಪಾರಿಭಾಷಿಕ ಪದವೇ. ಆಗಿನ ಕಾನೂನಿನಲ್ಲಿ ವಲಸೆ ಬಂದವರ ಪೈಕಿ ಬಿಳಿಯರಿಗೆ ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ ಪೌರತ್ವ. ಅಮೃತಸರದ ಕಡೆಯ ಸಿಖ್ ಭಗತ್ ಸಿಂಗ್ ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. 1923ರಲ್ಲಿ ಅವರ ಪರ ಸುಪ್ರೀಂ ಕೋರ್ಟಿನ ಮುಂದೆ ಹೂಡಿದ ವಾದ ಏನು? ತಾನು ಮೇಲ್ಜಾತಿ, ಆರ್ಯ; ನೀವು ನೀಗ್ರೋಗಳನ್ನು ಕಾಣುವ ಹಾಗೆಯೇ ನಾವು ನಮ್ಮ ಕೆಳಗಿನವರನ್ನು ಕಾಣುತ್ತೇವೆ ಅನ್ನುವ ಧಾಟಿಯದು. ಕೋರ್ಟು ಒಪ್ಪಲಿಲ್ಲ. ತೀರ್ಪು ಅನ್ಯಾಯದ್ದೇ. ಆದರೆ ನ್ಯಾಯ ಕೇಳಿದ ರೀತಿ? ಹಡಗು ಹತ್ತುವಾಗ ಜಾತಿಯನ್ನು ದಡದಲ್ಲಿ ಯಾರೂ ಬಿಟ್ಟು ಹೋಗಿರಲಿಲ್ಲ.

'ನ್ಯೂ ಡೀಲ್' ಪಟ್ಟಿಯ ಹೆಮ್ಮೆಯ ಪದ. ನಾನೂ ಅದನ್ನು ಹಗುರ ಮಾಡಲಾರೆ. ಮುದುಕರಿಗೆ ಪಿಂಚಣಿ, ಕಾರ್ಮಿಕರಿಗೆ ಸಂಘದ ಹಕ್ಕು ಬಂದದ್ದು ಅದರಿಂದಲೇ. ಆದರೆ 1935ರ ಈ ಎರಡೂ ಕಾಯಿದೆಗಳು ಬೇಸಾಯದ ಕೂಲಿಗಳನ್ನು, ಮನೆಗೆಲಸದವರನ್ನು ಹೊರಗಿಟ್ಟವು. ದುಡಿಯುವ ಕಪ್ಪು ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇದ್ದದ್ದು ಈ ಎರಡು ಕೆಲಸಗಳಲ್ಲೇ. ಹೊರಗಿಟ್ಟ ಉದ್ದೇಶದ ಬಗ್ಗೆ ಇತಿಹಾಸಕಾರರ ಜಗಳ ಮುಗಿದಿಲ್ಲ, ಇರ್ಲಿ. ಪಂಕ್ತಿ ಹೊಸದು, ಎಲೆ ಹಾಕದೆ ಬಿಟ್ಟ ಜನ ಮಾತ್ರ ಹಳಬರು. ಕಾಯಿದೆಯಲ್ಲಿ ಎಲ್ಲೂ ಬಣ್ಣದ ಹೆಸರಿಲ್ಲ, ಕಸುಬಿನ ಹೆಸರಿದೆ. ಕಸುಬಿನ ಹೆಸರು ಹೇಳಿ ಜನರನ್ನು ಹೊರಗಿಡೋದು ಹೇಗೆ ಅಂತ ನಮಗೆ ಗೊತ್ತು.

ಕೊನೆಗೆ ಯುದ್ಧ. 1940ರ ಡಿಸೆಂಬರಿನಲ್ಲಿ ರೂಸ್ವೆಲ್ಟ್ ಅಮೆರಿಕ 'ಪ್ರಜಾಪ್ರಭುತ್ವದ ಶಸ್ತ್ರಾಗಾರ' ಆಗಬೇಕು ಅಂದ. ಆ ಶಸ್ತ್ರಾಗಾರದ ಬಾಗಿಲು ಕಪ್ಪು ಕಾರ್ಮಿಕರಿಗೆ ಮುಚ್ಚಿತ್ತು. ಎ. ಫಿಲಿಪ್ ರಾಂಡಾಲ್ಫ್ ವಾಷಿಂಗ್ಟನ್ನಿಗೆ ಮೆರವಣಿಗೆ ತರುತ್ತೇನೆ ಅಂದ ಮೇಲೆ, 1941ರ ಜೂನಿನಲ್ಲಿ ಆ ಭೇದ ನಿಷೇಧಿಸುವ ಆದೇಶ ಹೊರಟಿತು. 1942ರಲ್ಲಿ ಸುಮಾರು 1,20,000 ಜಪಾನಿ ಮೂಲದವರನ್ನು ಮುಳ್ಳುತಂತಿಯೊಳಗೆ ದೂಡಿದ್ದಕ್ಕೆ 'ಸ್ಥಳಾಂತರ' ಎಂಬ ಸಭ್ಯ ಹೆಸರು. ಗಾಯಾಳು ಸೈನಿಕರಿಗೆಂದು ಕಪ್ಪು ಜನ ಕೊಟ್ಟ ರಕ್ತವನ್ನೂ ರೆಡ್‌ಕ್ರಾಸ್ ಬೇರೆ ಇಡುತ್ತಿತ್ತು, 1950ರವರೆಗೆ. ರಕ್ತದಲ್ಲೂ ಮೈಲಿಗೆ!

ಅದೇ 1942ರಲ್ಲಿ ಕಾನ್ಸಾಸ್‌ನ ವಿಮಾನ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ದುಡಿಯುತ್ತಿದ್ದ ಜೇಮ್ಸ್ ಥಾಂಪ್ಸನ್ 'ಪಿಟ್ಸ್‌ಬರ್ಗ್ ಕೊರಿಯರ್' ಎಂಬ ಕಪ್ಪು ಜನರ ಪತ್ರಿಕೆಗೆ ಕಾಗದ ಬರೆದ. ಗೆಲುವಿನ 'ವಿ' ನಮಗೆ ಒಂದು ಸಾಲದು, ಎರಡು ಬೇಕು, ಹೊರಗಿನ ಶತ್ರುವಿನ ಮೇಲೊಂದು, ಒಳಗಿನವನ ಮೇಲೊಂದು ಅನ್ನೋದು ಅವನ ಮಾತಿನ ಸಾರ. 'ಡಬಲ್ ವಿ' ಹುಟ್ಟಿದ್ದು ಹೀಗೆ. ಸೇನೆಯಲ್ಲಿನ ಪ್ರತ್ಯೇಕತೆ ಕೊನೆಗಾಣಿಸುವ ಆದೇಶ ಬರಲು 1948 ಆಗಬೇಕಾಯಿತು.

ಇಡೀ ಪಟ್ಟಿಯಲ್ಲಿ ಕೆಳಗಿನಿಂದ ಬಂದ ಪದ ಹುಡುಕಿದರೆ ಕೈಗೆ ಸಿಗೋದು ಇಂಥ ಒಂದೆರಡು. 1946ರಲ್ಲಿ ಬಾಬಾಸಾಹೇಬರು ಡುಬಾಯ್ಸ್‌ಗೆ ಪತ್ರ ಬರೆದು, ನೀಗ್ರೋಗಳು ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕೇಳಿದರು. ಅವರು ಕೇಳಿದ್ದು ನೊಂದವರೇ ಬರೆದ ಕಾಗದವನ್ನು. ದಲಿತ ವಿಮರ್ಶೆ ಯಾವುದೇ ಇತಿಹಾಸವನ್ನು ಓದಲು ಹಿಡಿಯಬೇಕಾದ ದಾರಿ ಇದು. ನವೋದಯ, ಪ್ರಗತಿಶೀಲ, ನವ್ಯ ಅಂತ ನಾವು ಬಾಯಿಪಾಠ ಮಾಡಿದ ನಮ್ಮದೇ ಪಟ್ಟಿಯೂ ಇದಕ್ಕೆ ಹೊರತಲ್ಲ.