ತಮ್ಮ ಕೆತ್ತಿಸಿದ ಬಂಡೆ

ಪಂಪನ ಬಗ್ಗೆ ಬರೆಯುವವರೆಲ್ಲ ಕುರ್ಕ್ಯಾಲದ ಶಾಸನವನ್ನು ನೆನೆಯುತ್ತಾರೆ. ಅದನ್ನು ಪೂರ್ತಿ ಓದುವವರು ಕಡಿಮೆ. ತಂದೆ ಭೀಮಪಯ್ಯ, ತಾಯಿ ಅಬ್ಬಣಬ್ಬೆ, ಅಣ್ಣಿಗೇರಿಯ ನಂಟು, ಅರಿಕೇಸರಿ ಕೊಟ್ಟ ಧರ್ಮವುರದ ಅಗ್ರಹಾರ. ಇಷ್ಟನ್ನು ಹೆಕ್ಕಿಕೊಂಡು ಬಂಡೆಯನ್ನು ಅಲ್ಲೇ ಬಿಟ್ಟು ಬರುವುದು ನಮ್ಮ ಸಾಹಿತ್ಯ ಚರಿತ್ರೆಯ ರೂಢಿ. ನಾನೂ ಎಂ.ಎ. ಪರೀಕ್ಷೆಗೆ ಹಾಗೆಯೇ ಬರೆದವನು.

ಹೈದರಾಬಾದಿನಿಂದ ರಾಜೀವ್ ರಹದಾರಿ ಹಿಡಿದರೆ ಕರೀಂನಗರ ಸುಮಾರು 160 ಕಿ.ಮೀ. ಅದರಾಚೆ ಗಂಗಾಧರ ಮಂಡಲದಲ್ಲಿ ಕುರ್ಕ್ಯಾಲ. ದಾರಿಯಲ್ಲಿ 'ಪಂಪ' ಎಂದು ವಿಚಾರಿಸಿದ್ದಕ್ಕೆ ಒಬ್ಬರು ಪೆಟ್ರೋಲ್ ಪಂಪಿನ ದಾರಿ ತೋರಿಸಿದರು. ಊರಿನವರಿಗೆ ಅದು ಬೊಮ್ಮಲಗುಟ್ಟ, ಗೊಂಬೆಗಳ ಗುಡ್ಡ. ಬಂಡೆಯಲ್ಲಿ ತೀರ್ಥಂಕರರು, ಚಕ್ರೇಶ್ವರಿ. ಜೊತೆಗೆ ಪಂಪನ ತಮ್ಮ ಜಿನವಲ್ಲಭ ಸುಮಾರು 945ರಲ್ಲಿ ಕೆತ್ತಿಸಿದ ಸಾಲುಗಳು. 'ವಿಕ್ರಮಾರ್ಜುನ ವಿಜಯ' ಮುಗಿದದ್ದು 941ರಲ್ಲಿ. ಅಂದರೆ ಕಾವ್ಯದ ಹೆಸರು ಇನ್ನೂ ಹೊಸದಾಗಿದ್ದ ಕಾಲದ ಬರಹ ಇದು.

ದಾಖಲೆಯೆಂದಲ್ಲ, ಕೃತಿಯೆಂದು ಓದಿದರೆ ಮೊದಲು ಕಣ್ಣಿಗೆ ಬೀಳುವುದು ಅದರ ಸಣ್ಣ ಊರಿನ ಅಕ್ಕರೆ. ಈ ಗುಡ್ಡಕ್ಕೊಂದು ಹೆಸರು, ವೃಷಭಾದ್ರಿ. ಇಲ್ಲಿ ಕಟ್ಟಿಸಿದ ಬಸದಿ ತ್ರಿಭುವನತಿಲಕ, ತೋಟ ಮದನವಿಲಾಸ, ಕೆರೆ ಕವಿತಾಗುಣಾರ್ಣವ. ಕೊನೆಯದು ಅಣ್ಣನ ಬಿರುದು. ಮಳೆ ನಂಬಿಕೊಂಡ ಸೀಮೆಯಲ್ಲಿ ಒಂದು ಕೆರೆಗೆ 'ಅರ್ಣವ', ಸಮುದ್ರ ಎಂದು ಹೆಸರಿಟ್ಟವನಿಗೆ ಹಾಸ್ಯವೂ ಗೊತ್ತಿತ್ತು, ಪ್ರೀತಿಯೂ ಇತ್ತು. ಹಾಗೆಂದು ಎಲ್ಲವೂ ಹೀಗಿಲ್ಲ. ವಾಚಕಾಭರಣನೆಂಬ ಬಿರುದಿನ ಈ ತಮ್ಮ ತನ್ನ ಹೊಗಳಿಕೆಗೆ ಬಂದಾಗ ಕೈ ಬಿಗಿ ಹಿಡಿಯುವುದಿಲ್ಲ. ವಿಶೇಷಣಗಳ ರಾಶಿಯಲ್ಲಿ ಆಳು ಕಾಣೆಯಾಗುತ್ತಾನೆ.

ಶಾಸನದ ನಿಜವಾದ ಕುತೂಹಲ ಇರುವುದು ಭಾಷೆಯಲ್ಲಿ: ಸಂಸ್ಕೃತ, ಕನ್ನಡ, ಜೊತೆಗೆ ಮೂರು ತೆಲುಗು ಕಂದಗಳು. ನಾವು ಪಂಪನಿಗೆ ಬೇಕಾದ ಕನ್ನಡ ಭಾಗವನ್ನು ಮಾತ್ರ ತೆಗೆದುಕೊಂಡೆವು. ತೆಲುಗಿನವರು ಮೂರು ಕಂದಗಳನ್ನು ತೆಗೆದುಕೊಂಡರು. ಶಾಸ್ತ್ರೀಯ ಸ್ಥಾನಮಾನದ ವಾದದಲ್ಲಿ ಅವು ಸಾಕ್ಷಿಯಾಗಿ ನಿಂತವು. 2008ರಲ್ಲಿ ಎರಡೂ ಭಾಷೆಗೆ ಸ್ಥಾನಮಾನ ಸಿಕ್ಕಿತು, ಒಂದು ಬರಹ ಎರಡು ತುಂಡಾಯಿತು. ತುಂಡು ಮಾಡಿದರೆ ತಪ್ಪಿಹೋಗುವುದು ಇದು: ವಂಶ, ಅಣ್ಣ, ಅಗ್ರಹಾರಗಳ ಮಾತು ಬರುವುದು ಕನ್ನಡದಲ್ಲಿ, ತೆಲುಗು ಕಂದಗಳು ಹೊಗಳುವುದು ಜಿನವಲ್ಲಭನನ್ನೇ, ಇಲ್ಲಿ ಅವನು ಮಾಡಿದ ಧರ್ಮಕಾರ್ಯವನ್ನೇ. ಅಣ್ಣನ ಕೀರ್ತಿ ತಲುಪಬೇಕಾದವರು ಬೇರೆ, ತನ್ನನ್ನು ನೆನೆಯಬೇಕಾದ ನೆರೆಹೊರೆಯವರು ಬೇರೆ ಎಂದು ಅವನು ಎಣಿಸಿದಂತಿದೆ. ಮನೆಯಲ್ಲೊಂದು, ಗೇಟಿನ ಹೊರಗೊಂದು ಮಾತಾಡುವ ನಮಗೆ ಇದು ಬೇಗ ಅರ್ಥವಾಗಬೇಕು. ಧಾರವಾಡದಲ್ಲೋ ಮೈಸೂರಿನಲ್ಲೋ ಕುಳಿತು ಓದಿದವರಿಗೆ ಹೊಳೆಯದಿದ್ದರೆ ಅವರನ್ನು ದೂರಲಾರೆ. ಹೈದರಾಬಾದಿನಲ್ಲಿ ಹದಿನಾಲ್ಕು ವರ್ಷ ಇದ್ದೂ ಹೋಗದ ನನ್ನನ್ನು ದೂರಬಹುದು.

ಕರೀಂನಗರ ಗ್ರಾನೈಟಿನ ಸೀಮೆ. ನಮ್ಮ ಅಡುಗೆಕಟ್ಟೆಯ ಕಲ್ಲೂ ಇಂಥ ಗುಡ್ಡಗಳದ್ದೇ ಇರಬೇಕು. ಕನ್ನಡ ಸಂಘಗಳು ಪಂಪನ ಹೆಸರಿನಲ್ಲಿ ಶಾಲು ಹೊದಿಸುವ ಖರ್ಚಿನಲ್ಲಿ ಒಂದು ಬಸ್ಸು ಮಾಡಿಸಬಹುದು.

ಜೊತೆಗೆ ಬಂದ ಸಹೋದ್ಯೋಗಿ ವರಂಗಲ್ಲಿನವರು. ಬಂಡೆಯ ಲಿಪಿ ಅವರ ಭಾಷೆಗೂ ನನ್ನದಕ್ಕೂ ಒಂದೇ, ಇಬ್ಬರಿಗೂ ಓದಲು ಬರಲಿಲ್ಲ. ಅಚ್ಚಾದ ಪಾಠ ಫೋನಿನಲ್ಲಿತ್ತು. ಕಂದಗಳನ್ನು ಅವರು ಓದಿದರು, ಕನ್ನಡದ ಭಾಗ ನಾನು. ಸಂಸ್ಕೃತವನ್ನು ಇಬ್ಬರೂ ಹಾರಿಸಿದೆವು.